ಶುಕ್ರವಾರದ ಜಮಖಾನ

ನಾನು ಒಂದು ಜಮಖಾನ. ಬಯಲುಸೀಮೆಯ ಒಂದು ಜಿಲ್ಲಾ ಜೈಲಿನಲ್ಲಿ, ಕೈದಿಗಳು ಕೆಲಸ ಮಾಡುವ ಮಗ್ಗದ ಮೇಲೆ ಹುಟ್ಟಿದೆ. ನನ್ನ ನೂಲು ಹೊರಗಿನಿಂದ ಬಂತು. ಅದನ್ನೂ ದೊಡ್ಡ ಗೇಟಿನಲ್ಲಿ ಬಿಚ್ಚಿ, ಕೊಡವಿ, ಮೂಸಿ ನೋಡಿ ಒಳಗೆ ಬಿಟ್ಟರು. ಹೀಗಾಗಿ ಹುಟ್ಟುವ ಮೊದಲೇ ನನ್ನ ತಪಾಸಣೆ ಆಗಿಹೋಗಿತ್ತು.

ನನ್ನನ್ನು ನೇಯ್ದವನು ಚನ್ನವೀರಪ್ಪ. ಗುಳೇದಗುಡ್ಡದ ಕಡೆಯ ನೇಕಾರ. ಎರಡು ಮನೆಗಳ ನಡುವಿನ ಮಣ್ಣುಗೋಡೆಯ ಜಗಳದಲ್ಲಿ ಒಡಹುಟ್ಟಿದ ಅಣ್ಣನನ್ನು ಕೊಂದು ಜೀವಾವಧಿ ಶಿಕ್ಷೆಗೆ ಬಂದವನು. ತಲೆ ಪೂರ್ತಿ ಬೆಳ್ಳಗಾಗಿದ್ದರಿಂದ ಜೈಲಿಗೆ ಜೈಲೇ ಅವನನ್ನು ಅಜ್ಜ ಎಂದು ಕರೆಯುತ್ತಿತ್ತು.

ಆಗ ಸೂಪರಿಂಟೆಂಡೆಂಟ್ ಆಗಿದ್ದವರು ಲಕ್ಷ್ಮೀಪತಿ ಎಂಬುವರು. ಮೈಸೂರಿನ ಕಡೆಯವರು. ಮಾತು ಮೆತ್ತಗೆ, ಕಣ್ಣು ಮಾತ್ರ ಸದಾ ನಿದ್ದೆಗೆಟ್ಟಿದ್ದು. ಗುಡಿ ಬೇರೆ, ಮಸೀದಿ ಬೇರೆ, ಚರ್ಚು ಬೇರೆ ಎಂದು ಕಟ್ಟುವಷ್ಟು ಜಾಗ ಆ ಜೈಲಿನಲ್ಲಿ ಇರಲಿಲ್ಲ. ಅವರು ಹಳೆಯ ಉಗ್ರಾಣಕ್ಕೆ ಸುಣ್ಣ ಬಳಿಸಿ, ಬಾಗಿಲ ಮೇಲೆ ‘ಪ್ರಾರ್ಥನಾ ಕೋಣೆ’ ಎಂದು ಬರೆಸಿದರು. ಸೋಮವಾರ ಭಜನೆ, ಶುಕ್ರವಾರ ನಮಾಜು, ಭಾನುವಾರ ಕ್ರೈಸ್ತರ ಪ್ರಾರ್ಥನೆ. ಎಲ್ಲರಿಗೂ ಹಾಸಲು ಒಂದು ಜಮಖಾನ ಬೇಕೆಂದು ಮಗ್ಗದ ಹತ್ತಿರ ಬಂದರು.

“ಯಾವ ಬಣ್ಣ ಹಾಕ್ಲಿರಿ ಸಾಹೇಬ್ರ?” ಎಂದು ಚನ್ನವೀರಪ್ಪ ಕೇಳಿದ.

“ಹಸಿರು ಬೇಡಪ್ಪ. ಕೇಸರೀನೂ ಬೇಡ.”

“ನೀಲಿ?”

“ಅದೂ ಬೇಡ. ನಾಳೆ ಯಾರಾದ್ರೂ ಇದು ನಮ್ಮದು ಅಂತ ಎದ್ದು ನಿಂತ್ರೆ ನಾನೇನು ಮಾಡ್ಲಿ?”

“ಹಂಗಾರ ಮಣ್ಣಿನ ಬಣ್ಣ ಹಾಕ್ತೇನ್ರಿ. ಮಣ್ಣಿಗೆ ಯಾರೂ ಬಡದಾಡೂದಿಲ್ಲ.”

ಹಾಗೆಂದವನು ಅಲ್ಲೇ ತಡೆದು, ತಲೆ ತಗ್ಗಿಸಿದ. ಅವನು ಬಡಿದಾಡಿದ್ದೇ ಮಣ್ಣಿಗೆ.

ನನ್ನ ಎರಡೂ ತುದಿಗೆ ಚನ್ನವೀರಪ್ಪ ಚೆಂದದ ಗೊಂಡೆ ಬಿಟ್ಟಿದ್ದ. ಸಾಹೇಬರು ಅವನ್ನು ಬೆರಳಿನಿಂದ ಎಳೆದು ನೋಡಿದರು. ಇಂಥ ದಾರ ಹೊಸೆದು ಯಾರಾದರೂ ಕೊರಳಿಗೆ ಹಾಕಿಕೊಂಡರೆ? ಗೊಂಡೆ ಕತ್ತರಿಸಿ, ತುದಿ ಮಡಚಿ ಹೊಲಿಯಬೇಕೆಂದು ಅಪ್ಪಣೆಯಾಯಿತು. ಕತ್ತರಿ ಮೈಗೆ ತಾಗಿದ್ದು ನನಗೆ ಅದೇ ಮೊದಲು. ಮಡಚಿ ಹೊಲಿದ ತುದಿಯೊಳಗೆ ಒಂದು ಟೊಳ್ಳು ಉಳಿಯಿತು. ಅದನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ.

ಚನ್ನವೀರಪ್ಪನನ್ನೇ ಪ್ರಾರ್ಥನಾ ಕೋಣೆ ನೋಡಿಕೊಳ್ಳಲು ಹಾಕಿದರು. ಕಸ ಗುಡಿಸಿ, ನನ್ನನ್ನು ಹಾಸಿ, ಮುಗಿದ ಮೇಲೆ ಸುತ್ತಿಡುವುದು ಅವನ ಕೆಲಸ. ಆದರೆ ಅವನು ಒಂದು ದಿನವೂ ನನ್ನ ಮೇಲೆ ಕೂತವನಲ್ಲ. ಭಜನೆಗೆ ಕರೆದರೆ, “ದೇವರಿಗೆ ಮಾರಿ ತೋರಸೂ ಮನಷ್ಯಾ ಅಲ್ಲಪಾ ನಾ” ಎಂದು ಹೊರಗೆ ಹೋಗಿ ಕಟ್ಟೆಯ ಮೇಲೆ ಕೂರುತ್ತಿದ್ದ.

ಜೈಲಿನಲ್ಲಿ ದೇವರನ್ನು ಕಾಣಲು ಬರುವವರನ್ನೂ ಮುಟ್ಟಿ ನೋಡಿಯೇ ಬಿಡುತ್ತಾರೆ. ಬಾಗಿಲಲ್ಲಿ ವಾರ್ಡರ್ ಬಸಲಿಂಗಯ್ಯ ನಿಂತು ಜೇಬು, ಸೊಂಟ, ಟೋಪಿಯ ಒಳಗು ತಡಕುತ್ತಿದ್ದ. ಊದಿನಕಡ್ಡಿ ಹಚ್ಚುವುದೂ ಅವನೇ, ಆರಿಸುವುದೂ ಅವನೇ. ತೆಂಗಿನಕಾಯಿ ಹೊರಗೇ ಒಡೆದು ಬರಬೇಕು. ನಾನು ನೆಲದ ಮೇಲಿನವನು. ಮುಖಗಳು ನನಗೆ ಸರಿಯಾಗಿ ಕಾಣುವುದಿಲ್ಲ. ಅಂಗಾಲು, ಮೊಣಕಾಲು, ಹಣೆ ಇವುಗಳಿಂದಲೇ ಮನುಷ್ಯರನ್ನು ಗುರುತಿಸುತ್ತೇನೆ. ಭಜನೆಯವರ ಅಂಗಾಲಾಗಲಿ, ನಮಾಜಿನವರ ಹಣೆಯಾಗಲಿ, ಭಾನುವಾರದವರ ಮೊಣಕಾಲಾಗಲಿ, ಒಳಗಿನ ನಡುಕ ಒಂದೇ ತರಹ ನನ್ನ ಎಳೆಗಳಿಗೆ ಇಳಿಯುತ್ತಿತ್ತು.

ಆ ನಡುಕದಲ್ಲಿ ಎಲ್ಲರಿಗಿಂತ ಹೆಚ್ಚಿನದು ದಾವಲಸಾಬನದು. ಅವನು ಲಾರಿ ಡ್ರೈವರ್. ಪರಸು ಎಂಬ ಮರಳು ದಂಧೆಯ ದೊಡ್ಡ ಮನುಷ್ಯ, ಯಾರನ್ನೋ ಕೊಲ್ಲಿಸಿ, ಹೆಣ ಸಾಗಿಸಲು ದಾವಲಸಾಬನ ಲಾರಿ ಹಿಡಿದಿದ್ದ. ಈಗ ಇಬ್ಬರೂ ಅದೇ ಜೈಲಿನಲ್ಲಿದ್ದರು. ದಾವಲಸಾಬ ಕೋರ್ಟಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಲು ಒಪ್ಪಿದ್ದ. ಆದ್ದರಿಂದ ಅವನನ್ನು ಒಂಟಿ ಕೋಣೆಯಲ್ಲಿ ಇಟ್ಟಿದ್ದರು.

“ನಮಾಜು ನಿನ್ನ ಕೋಣೇಲೇ ಮಾಡಿಕೋ. ಇಲ್ಲಿ ಜನದ ನಡುವೆ ನಿನ್ನ ಕಾಯೋದು ಕಷ್ಟ” ಎಂದು ಸಾಹೇಬರು ಪ್ರಾರ್ಥನಾ ಕೋಣೆಯ ಬಾಗಿಲಲ್ಲೇ ಅವನಿಗೆ ಹೇಳಿದ್ದುಂಟು.

“ಒಬ್ಬನ ಕುಂತ ಕುಂತ ತಲಿ ಕೆಡಾಕ ಹತ್ತೇತ್ರಿ ಸಾಹೇಬ್ರ. ವಾರಕ್ಕ ಒಂದ ಸಲ ನಾಕ ಮಂದಿ ಬಾಜೂಕ ನಿಂತರ ನಾನೂ ಮನಷ್ಯಾ ಅನಸ್ತೈತಿ. ಅದೊಂದ ಕಸಕೋಬ್ಯಾಡ್ರಿ” ಎಂದು ಅವನು ಕೈಮುಗಿದ.

ಸಾಹೇಬರು ಆಗಲಿ ಎಂದರು. ಆಗಲಿ ಎಂದ ದನಿಯಲ್ಲೂ ಅಂಜಿಕೆ ಇತ್ತು.

ದಾವಲಸಾಬ ಯಾವಾಗಲೂ ಮೊದಲ ಸಾಲಿನ ತುದಿಗೆ, ಗೋಡೆಗೆ ಒತ್ತಿ ನಿಲ್ಲುತ್ತಿದ್ದ. ಒಂದು ಕಡೆಯಿಂದಲಾದರೂ ಯಾರೂ ಬರಲಾರರು ಎಂಬ ಧೈರ್ಯ. ಅವನ ಬೆನ್ನ ಹಿಂದೆ, ಎರಡನೆಯ ಸಾಲಿನ ತುದಿಯಲ್ಲಿ ಮಕ್ತುಮ ನಿಲ್ಲುತ್ತಿದ್ದ. ಮಕ್ತುಮ ಬೈಕು ಕದ್ದು ಸಿಕ್ಕಿಬಿದ್ದ ತೆಳ್ಳನೆಯ ಆಳು. ಅವನ ಮೊಣಕಾಲು ಹಗುರ, ಹಣೆ ಬಿಸಿ.

ಒಂದು ಗುರುವಾರ ಮಧ್ಯಾಹ್ನ ಕೋಣೆ ಗುಡಿಸುವ ನೆಪದಲ್ಲಿ ಮಕ್ತುಮ ಒಬ್ಬನೇ ಬಂದ. ಮೂಲೆಯಲ್ಲಿ ಸುರುಳಿಯಾಗಿ ನಿಂತಿದ್ದ ನನ್ನ ತುದಿಯ ಹೊಲಿಗೆ ಬಿಚ್ಚಿದ. ತಣ್ಣನೆಯ ಕಬ್ಬಿಣ ಒಳಗೆ ಸರಿಯಿತು. ಅದು ಚಮಚ, ಅದರ ಹಿಡಿಯನ್ನು ಕಲ್ಲಿಗೆ ಮಸೆದು ಮಸೆದು ಚೂರಿಯಂತೆ ಚೂಪು ಮಾಡಿದ್ದರು. ಅವನು ಮೇಲೆ ನಾಲ್ಕು ಹೊಲಿಗೆ ಹಾಕುವಾಗ ಸೂಜಿ ಎರಡು ಸಲ ಅವನಿಗೇ ಚುಚ್ಚಿತು. ಬಾಗಿಲಲ್ಲಿ ಪರಸುವಿನ ಆಳೊಬ್ಬ ನಿಂತಿದ್ದ.

“ನಾಳೆ ದಾವಲಸಾಬ ಹಣಿ ಹಚ್ಚಾಕ ಸಜ್ದಾಕ್ಕ ಬಗ್ಗತಾನಲಾ, ಆವಾಗ” ಎಂದ ಆ ಆಳು. “ನಿನ್ನ ತಂಗಿ ಮನೀ ಮುಂದ ನಮ್ಮ ಹುಡುಗರು ಅದಾರ, ನೆನಪಿಟ್ಕೋ.”

ಮಕ್ತುಮ ಹಲ್ಲಿನಿಂದ ದಾರ ಕಡಿದ.

ಆ ಹೊತ್ತಿನಿಂದ ನಾನು ಅನುಭವಿಸಿದ ಸಂಕಟ ಹೇಳತೀರದು. ನನ್ನ ಹೊಟ್ಟೆಯಲ್ಲಿ ಒಬ್ಬನ ಸಾವು ಮಲಗಿತ್ತು. ನನಗೆ ಬಾಯಿಲ್ಲ. ಹಾವನ್ನು ಮಡಿಲಲ್ಲಿ ಇಟ್ಟುಕೊಂಡ ಮೂಕಿಯ ಹಾಗೆ ಕತ್ತಲೆಯಲ್ಲಿ ನಿಂತೇ ಇದ್ದೆ. ನಾಳೆ ಶುಕ್ರವಾರ ಬಾರದಿರಲಿ ಎಂದು, ನನ್ನ ಮೇಲೆ ಇಷ್ಟು ಜನ ಕರೆದ ಆ ದೇವರನ್ನು ಅಂದು ನಾನೂ ಕರೆದೆ.

ಶುಕ್ರವಾರ ಬಂತು. ಚನ್ನವೀರಪ್ಪ ನನ್ನನ್ನು ಎಂದಿನಂತೆ ಉರುಳಿಸಿ ಹಾಸಿದ. ಗೋಡೆಯ ಕಡೆಯ ತುದಿ ಎಳೆದು ಸರಿಮಾಡುವಾಗ ಅವನ ಕೈ ನಿಂತಿತು. ಆ ಹೊಲಿಗೆ ಅವನದಲ್ಲ. ಬೆರಳಿನಿಂದ ಒತ್ತಿ ನೋಡಿದ. ಗಟ್ಟಿಯಾಗಿ, ಉದ್ದವಾಗಿ ಏನೋ ಇತ್ತು. ಅದು ಏನೆಂದು ತಿಳಿಯಲು ಜೈಲಿನಲ್ಲಿ ಮುದುಕನಾದವನಿಗೆ ಹೆಚ್ಚು ಹೊತ್ತು ಬೇಕಿಲ್ಲ. ಎರಡನೆಯ ಸಾಲಿನ ತುದಿ ಯಾರ ಜಾಗ, ಅದರ ಮುಂದೆ ಯಾರು ಬಗ್ಗುತ್ತಾರೆ ಎಂಬುದೂ ಅವನಿಗೆ ಹೊಳೆಯಿತು.

ಅಷ್ಟರಲ್ಲಿ ಜನ ಬಾಗಿಲಿಗೆ ಬಂದಾಗಿತ್ತು. ಬಸಲಿಂಗಯ್ಯನ ಲಾಠಿ ಹೊಸ್ತಿಲಿಗೆ ಬಡಿಯುತ್ತಿತ್ತು. ಈಗ ಅದನ್ನು ಎಳೆದು ತೆಗೆದರೆ ಚೂರಿ ಹಿಡಿದವನು ತಾನೇ ಆಗುತ್ತಾನೆ. ಕೂಗಿದರೆ ಪರಸುವಿನ ಕಡೆಯವರು ಬಿಡುವುದಿಲ್ಲ. ಮೇಲಾಗಿ, ಮುಂದಿನ ತಿಂಗಳು ಅವನ ಬಿಡುಗಡೆಯ ವಿಚಾರ ಮೇಲಿನವರ ಮುಂದೆ ಬರುವುದಿತ್ತು. ಸುಮ್ಮನೆ ಎದ್ದು ಹೊರಗಿನ ಕಟ್ಟೆಗೆ ಹೋಗಿ ಕೂತಿದ್ದರೆ ಅವನನ್ನು ಯಾರೂ ಏನೂ ಕೇಳುತ್ತಿರಲಿಲ್ಲ.

ಚನ್ನವೀರಪ್ಪ ಆ ತುದಿಯ ಮೇಲೆ ಕೂತುಬಿಟ್ಟ.

ನನ್ನನ್ನು ನೇಯ್ದವನ ಭಾರ ನನಗೆ ಗೊತ್ತಾದದ್ದು ಅವತ್ತೇ. ಅವನ ತೊಡೆಯ ಕೆಳಗೆ ಚೂರಿ, ಅದರ ಕೆಳಗೆ ನಾನು. ಅವನ ಮೈಯೆಲ್ಲ ಬೆವೆತು, ಬೆವರು ನನ್ನ ಎಳೆಗಳಿಗೆ ಇಳಿಯಿತು.

“ಏ ಅಜ್ಜಾ, ನೀ ಯಾಕ ಇಲ್ಲೆ ಕುಂತಿ? ಏಳ ಏಳ” ಎಂದ ಬಸಲಿಂಗಯ್ಯ.

“ಮಣಕಾಲ ಹಿಡದಾವ್ರಿ. ಏಳಾಕ ಬರವಲ್ದು.”

ನಮಾಜು ಮಾಡಿಸುತ್ತಿದ್ದ ಹಿರಿಯ ಕೈದಿ ಪೀರಸಾಬ ಹಿಂತಿರುಗಿ ನೋಡಿ, “ಇರ್ಲಿ ಬಿಡ್ರಿ. ಅಜ್ಜ ಮೂಲ್ಯಾಗ ಕುಂತರ ನಮ್ಮ ನಮಾಜೇನ ಕೆಡೂದಿಲ್ಲ” ಎಂದ.

ಮಕ್ತುಮ ಬಂದ. ತನ್ನ ಜಾಗದಲ್ಲಿ ಮುದುಕನನ್ನು ಕಂಡು ಅವನ ಕಾಲು ನೆಲಕ್ಕೆ ಕಚ್ಚಿತು. ಹಿಂದಿನಿಂದ ಪರಸುವಿನ ಆಳು ನೋಡುತ್ತಿದ್ದ. ಮಕ್ತುಮ ಅಜ್ಜನ ಬದಿಗೇ ನಿಂತ. ಎಲ್ಲರೂ ಸಜ್ದಾಕ್ಕೆ ಬಗ್ಗಿದಾಗ ದಾವಲಸಾಬನ ಹಣೆಯೂ ನನ್ನ ಮೇಲೆ ಬಂತು. ಅವನ ಬೆನ್ನು ಬಯಲಾಗಿತ್ತು. ಮಕ್ತುಮನ ಕೈ ತೆವಳುತ್ತ ನನ್ನ ತುದಿಗೆ, ಅಜ್ಜನ ತೊಡೆಯ ತನಕ ಬಂತು.

“ಅತ್ತಾಗ ಸರಿ ಅಜ್ಜಾ” ಎಂದು ಅವನು ಪಿಸುಗುಟ್ಟಿದ. “ನನ್ನ ತಂಗಿ ಅವರ ಕೈಯಾಗ ಅದಾಳ. ನಿನ್ನ ಕಾಲಿಗೆ ಬೀಳ್ತೇನಿ, ಸರಿ.”

“ಇಲ್ಲೋ ತಮ್ಮಾ” ಎಂದ ಚನ್ನವೀರಪ್ಪ. ದನಿ ಗಾಳಿಗಿಂತ ಸಣ್ಣಗಿತ್ತು. “ನಾ ಒಮ್ಮೆ ಮಾಡೇನಿ. ಮಾಡಿದ ಮ್ಯಾಲೆ ಏನ ಆಕ್ಕೈತಿ ಅನ್ನೂದ ನಂಗ ಗೊತ್ತೈತಿ. ನಾ ಏಳೂದಿಲ್ಲ.”

ಮುದುಕನನ್ನು ತಳ್ಳುವುದು ಮಕ್ತುಮನಿಗೆ ಒಂದು ಕ್ಷಣದ ಕೆಲಸ. ಅವನ ಬೆರಳು ನನ್ನ ಹೊಲಿಗೆಯನ್ನು ಹಿಡಿದೇ ಇತ್ತು. ಒಂದು ಎಳೆ ಪಟ್ಟೆಂದು ಹರಿದದ್ದು ನನಗೆ ತಿಳಿಯಿತು. ಆಮೇಲೆ ಆ ಕೈ ಸಡಿಲಾಯಿತು. ಅವನ ಹಣೆ ನನ್ನ ಮೇಲೆ ಬಿದ್ದು, ಅಲ್ಲೇ ಒದ್ದೆಯಾಯಿತು. ಉಳಿದವರು ತಲೆ ಎತ್ತಿದರು. ದಾವಲಸಾಬ ಎದ್ದು ಕೂತು, ಬಲಕ್ಕೂ ಎಡಕ್ಕೂ ಸಲಾಮು ಹೇಳಿ, ಏನೂ ಅರಿಯದೆ ಹೊರಟುಹೋದ.

ಜನ ಖಾಲಿಯಾದ ಮೇಲೆ ಚನ್ನವೀರಪ್ಪ ಬಸಲಿಂಗಯ್ಯನನ್ನು ಕರೆದು, ಸಾಹೇಬರು ಬರಲಿ ಎಂದ. ಅವರ ಎದುರಿಗೇ ತುದಿ ಬಿಚ್ಚಿ ತೋರಿಸಿದ.

“ಯಾರಿಟ್ಟದ್ದು?”

“ಗೊತ್ತಿಲ್ರಿ.”

“ಗೊತ್ತಿಲ್ಲದೆ ಅದರ ಮೇಲೇ ಹೋಗಿ ಕೂತ್ಯಾ?”

ಅಜ್ಜ ಬಿಚ್ಚಿದ ದಾರವನ್ನು ಬೆರಳಿಗೆ ಸುತ್ತತೊಡಗಿದ. ಹೆಸರು ಹೇಳಿದರೆ ಹೊರಗಿರುವ ಒಂದು ಹೆಣ್ಣುಜೀವದ ಗತಿ ಏನಾಗುತ್ತದೆಂದು ಅವನು ಅಂಜಿದ್ದ.

ದಾವಲಸಾಬನನ್ನು ಅಂದೇ ಬೇರೆ ಜೈಲಿಗೆ ಕಳಿಸಿದರು. ನನ್ನನ್ನು ಸಾಹೇಬರ ಕೋಣೆಗೆ ಎಳೆದುಕೊಂಡು ಹೋಗಿ, ಇನ್ನೇನಾದರೂ ಸಿಕ್ಕೀತೆಂದು ಬ್ಲೇಡಿನಿಂದ ಸೀಳಿದರು. ಪ್ರಾರ್ಥನಾ ಕೋಣೆಗೆ ಬೀಗ ಬಿತ್ತು. ಹೊಲಿಗೆ ಹಾಕಲು ಬರುವವನು ನೇಕಾರನೇ ತಾನೆ ಎಂದು ಪೊಲೀಸರು ಚನ್ನವೀರಪ್ಪನನ್ನೇ ಹಿಡಿದರು. ಅವನನ್ನು ಒಂಟಿ ಕೋಣೆಗೆ ಹಾಕಿದರು. ಬಿಡುಗಡೆಯ ಮಾತು ಅಲ್ಲಿಗೇ ನಿಂತಿತು.

ನಾನು ಸಾಹೇಬರ ಕೋಣೆಯ ಮೂಲೆಯಲ್ಲಿ ಬಿದ್ದುಕೊಂಡು ಎಲ್ಲ ಕೇಳುತ್ತಿದ್ದೆ. “ಈ ಪ್ರಾರ್ಥನೆ ಗೀರ್ಥನೆ ಖಾಯಂ ಬಂದ್ ಮಾಡಿಬಿಡ್ರಿ ಸರ್. ಇಲ್ಲಿ ಹೆಣ ಬಿದ್ದರ ಊರಾಗ ಬೆಂಕಿ ಹತ್ತೂದು” ಎಂದು ಜೈಲರ್ ಹೇಳುತ್ತಿದ್ದ. ಸಾಹೇಬರು ಕಿಟಕಿಯ ಕಡೆ ನೋಡುತ್ತ, “ಬೀಗ ಹಾಕಿದ ಮೇಲೆ ಒಳಗೆ ಜಗಳ ಕಡಿಮೆ ಆಗಿದೆಯೇನ್ರಿ? ಹೆಚ್ಚಾಗಿದೆ” ಎನ್ನುತ್ತಿದ್ದರು. ಆದರೂ ಬೀಗ ತೆಗೆಸಲು ಅವರ ಕೈ ಏಳುತ್ತಿರಲಿಲ್ಲ. ಅವನಿಂದಲೇ ಬೀಗ ಬಿತ್ತೆಂದು ಭಜನೆಯವರೂ ನಮಾಜಿನವರೂ ಒಂದೇ ಬಾಯಲ್ಲಿ ಅಜ್ಜನನ್ನು ಬಯ್ಯುತ್ತಿದ್ದಾರಂತೆ, ಅವನ ತಟ್ಟೆಗೆ ಯಾರೋ ಉಗುಳಿದರಂತೆ ಎಂಬ ಸುದ್ದಿಯೂ ಅಲ್ಲಿಗೇ ಬಂತು.

ಒಂದು ದಿನ ಮುಂಜಾನೆ ಸಾಹೇಬರು ಸುತ್ತು ಹೊರಟಿದ್ದಾಗ ಮಕ್ತುಮ ಸಾಲು ಬಿಟ್ಟು ಮುಂದೆ ಬಂದು, ಸಾಹೇಬರೊಬ್ಬರ ಜೊತೆಗೇ ಮಾತಾಡಬೇಕೆಂದನಂತೆ. ಅವನನ್ನು ಈ ಕೋಣೆಗೆ ತಂದರು. ಅವನ ಅಂಗಾಲು ನನ್ನ ಹರಿದ ತುದಿಯ ಮೇಲೆಯೇ ನಿಂತಿತು.

“ಚೂರಿ ಇಟ್ಟಾಂವ ನಾನ್ರಿ. ಅಜ್ಜಂದೇನೂ ತಪ್ಪಿಲ್ಲ. ಇಡಸ್ದಾಂವ ಯಾರು ಅಂತನೂ ಹೇಳ್ತೇನ್ರಿ. ಆದರ ಮದಲ ನನ್ನ ತಂಗೀನ ಆ ಊರಿಂದ ಹೊರಗ ತರ್ರಿ. ಆಕಿ ದನಿ ನಾ ಫೋನಿನ್ಯಾಗ ಕೇಳಬೇಕು.”

ಸಾಹೇಬರು ಬಾಗಿಲು ಮುಚ್ಚಿಸಿದರು. ಮಧ್ಯಾಹ್ನದ ತನಕ ಫೋನುಗಳು ಹೋಗುತ್ತಿದ್ದವು, ಬರುತ್ತಿದ್ದವು. ಮಕ್ತುಮ ನೀರು ಕೂಡ ಕುಡಿಯಲಿಲ್ಲ. ಕೊನೆಗೆ ಫೋನಿನ ಆ ಕಡೆಯಿಂದ ಒಂದು ಹೆಣ್ಣು ದನಿ, “ಅಣ್ಣಾ, ನಾ ಆ ಊರ ಬಿಟ್ಟ ಬಂದೇನಿ, ಅತ್ತಿ ಮನ್ಯಾಗ ಅದೇನಿ” ಎಂದಿತು. ಅವನು ನನ್ನ ಮೇಲೆ ಕೂತು ಒಂದು ಲೋಟ ನೀರು ಕುಡಿದು, ಆಮೇಲೆ ಎಲ್ಲವನ್ನೂ ಹೇಳಿದ.

ಪರಸುವನ್ನು ದೂರದ ಜೈಲಿಗೆ ಸಾಗಿಸಿದರು. ಮಕ್ತುಮನ ಮೇಲೆ ಹೊಸ ಕೇಸು ಬಿತ್ತು. ಅವನನ್ನೂ ಬೇರೆ ಕಡೆ ಇಟ್ಟರು. ದಾವಲಸಾಬ ಕೋರ್ಟಿನ ಕಟಕಟೆಯಲ್ಲಿ ನಡುಗುತ್ತಲೇ ನಿಂತು ಸಾಕ್ಷಿ ಹೇಳಿದನೆಂದು ಆಮೇಲೆ ತಿಳಿಯಿತು. ಪ್ರಾರ್ಥನಾ ಕೋಣೆಯ ಬೀಗ ತೆಗೆಸುವ ದಿನ ಸಾಹೇಬರು ಕಾಗದಕ್ಕೆ ಸಹಿ ಹಾಕಿ, ಪೆನ್ನು ಕೆಳಗಿಟ್ಟು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಸ್ವಲ್ಪ ಹೊತ್ತು ಕೂತಿದ್ದರು. ಒಳಗೆ ಹಾಸಲು ಪ್ಲಾಸ್ಟಿಕ್ ಚಾಪೆ ತಂದರು. ಅದರಲ್ಲಿ ಏನನ್ನೂ ಬಚ್ಚಿಡಲು ಬರುವುದಿಲ್ಲ.

ಸೀಳಿಹೋದ ನನ್ನಲ್ಲಿ ಗಟ್ಟಿಯಿದ್ದ ತುಂಡನ್ನು ಕತ್ತರಿಸಿ ದೊಡ್ಡ ಗೇಟಿನ ತಪಾಸಣೆ ಕೋಣೆಗೆ ಹಾಕಿದರು. ಉಳಿದದ್ದು ನೆಲ ಒರೆಸಲು ಹೋಯಿತು. ಈಗ ಹೊಸದಾಗಿ ಬರುವವರು ಚಪ್ಪಲಿ ಕಳಚಿ ಮೊದಲು ನಿಲ್ಲುವುದು ನನ್ನ ಮೇಲೆ. ಬಾಯಲ್ಲಿ ಎಷ್ಟೇ ಜೋರು ಮಾಡಿದರೂ ಅಂಗಾಲು ತಣ್ಣಗೇ ಇರುತ್ತದೆ. ಕಾಯುವವರ ಬೂಟಿನೊಳಗಿನ ಕಾಲೂ ಹಾಗೆಯೇ ಎಂದು ನನಗೆ ಗೊತ್ತು. ಅಂಜಿಕೆಯಿಲ್ಲದ ಮನುಷ್ಯನನ್ನು ನಾನು ಈ ತನಕ ಹೊತ್ತಿಲ್ಲ.

ಚನ್ನವೀರಪ್ಪನ ಬಿಡುಗಡೆ ತಡವಾಗಿ ಬಂತು. ಕೈಯಲ್ಲಿ ಬಟ್ಟೆಯ ಗಂಟು ಹಿಡಿದು, ಕೊನೆಯ ತಪಾಸಣೆಗೆ ನನ್ನ ಮೇಲೆ ನಿಂತ. ತಡಕುತ್ತಿದ್ದವನು ಬಸಲಿಂಗಯ್ಯನೇ. ಅವನು ಕೆಲಸ ಮುಗಿಸಿ, ಮೆಲ್ಲಗೆ ಕೇಳಿದ:

“ಅಜ್ಜಾ, ಅವತ್ತ ಆ ಚೂರಿ ಮ್ಯಾಲೆ ಕುಂತೆಲಾ, ನಿನಗ ಅಂಜಿಕಿ ಬರ್ಲಿಲ್ಲೇನ?”

ಚನ್ನವೀರಪ್ಪ ಚಪ್ಪಲಿ ಮೆಟ್ಟುತ್ತ ಗೋಡೆಗೆ ಕೈ ಊರಿದ.

“ಬಂದಿತ್ರಿ. ಕುಂತ ಮ್ಯಾಲೆ ಕಾಲಾಗಿನ ಬಲಾನ ಹೋತು. ಏಳಬೇಕಂತ ಭಾಳ ಮಾಡಿದ್ನಿ. ಏಳಾಕ ಬರ್ಲಿಲ್ಲ.”

ಬಸಲಿಂಗಯ್ಯ ಚಿಕ್ಕ ಬಾಗಿಲು ತೆರೆದ. ಹೊರಗಿನ ಬಿಸಿಲು ನನ್ನ ಮೇಲೆ ಒಂದು ಅಂಗೈಯಷ್ಟು ಬಿದ್ದು, ಬಾಗಿಲು ಮುಚ್ಚಿದ ಕೂಡಲೆ ಹೋಯಿತು.