ಇಲ್ಲದ ಬಳ್ಳಿ

ಅಂಗೈಯಗಲದ ಫೋನಿನ ಪರದೆಯಲ್ಲಿ ಹಳೆಯ ಕಾಡಿನ ಸಿನಿಮಾದ ನಾಯಕ ಜಲಪಾತದಿಂದ ಬೀಳುತ್ತಿದ್ದ. ತಮ್ಮ ಅದನ್ನು ಅಣ್ಣನ ಕಿವಿಯ ಹತ್ತಿರ ಹಿಡಿದು ನಿಂತಿದ್ದ. ಅಣ್ಣನ ಕಣ್ಣು ಮುಚ್ಚಿತ್ತು. ಬಾಯಿಗೆ ಸಿಕ್ಕಿಸಿದ ಕೊಳವೆಯಿಂದ ಯಂತ್ರ ಅವನ ಎದೆಯನ್ನು ಏರಿಸುತ್ತಿತ್ತು, ಇಳಿಸುತ್ತಿತ್ತು. ನಾಲ್ಕನೇ ಮಹಡಿಯ ಹೊರಗೋಡೆಗೆ ಬಣ್ಣ ಬಳಿಯುವಾಗ ಹಗ್ಗ ಕಳಚಿಕೊಂಡಿತ್ತು. ಪರಿಚಯದ ಸದ್ದು ಕೇಳಿಸುತ್ತಿರಿ ಎಂದು ನರ್ಸ್ ಹೇಳಿದ್ದಳು. ಅಣ್ಣನಿಗೆ ಆ ಕಾಡಿನ ನಗಾರಿಗಿಂತ ಪರಿಚಯದ ಸದ್ದು ಇನ್ನಾವುದಿತ್ತು?

ಹುಡುಗರಾಗಿದ್ದಾಗ ಪ್ರತಿ ಭಾನುವಾರ ಬೆಳಿಗ್ಗೆ ಟಾಕೀಸಿನಲ್ಲಿ ಆ ಸಿನಿಮಾದ ಒಂದೊಂದು ಕಂತು. ಮುಂದಿನ ಬೆಂಚಿನಲ್ಲಿ ಕತ್ತು ನೋಯುವಷ್ಟು ಮೇಲೆ ನೋಡಬೇಕು. ಗೊರಿಲ್ಲಾದ ಬೆನ್ನಿನಲ್ಲಿ ಜಿಪ್ಪು ಕಾಣುತ್ತಿತ್ತು. ಮೊಸಳೆ ಪ್ರತಿ ಸಲವೂ ಒಂದೇ ದಡದಿಂದ, ಒಂದೇ ರೀತಿ ಜಾರಿ ನೀರಿಗಿಳಿಯುತ್ತಿತ್ತು. ಆದರೂ ಎದೆ ಡವಡವ ಎನ್ನುವುದು ತಪ್ಪುತ್ತಿರಲಿಲ್ಲ. ಒಳಗೆಳೆಯುವ ಕೆಸರು ನಾಯಕನ ಗಲ್ಲದವರೆಗೆ ಬರುವ ಹೊತ್ತಿಗೆ, ಇಲ್ಲವೇ ಹುಲಿ ಹಾರುವ ಹೊತ್ತಿಗೆ ದೀಪ ಹತ್ತಿಬಿಡುತ್ತಿತ್ತು. ಇಡೀ ವಾರ ತಮ್ಮನಿಗೆ ಅನ್ನ ಸೇರುತ್ತಿರಲಿಲ್ಲ. ಅಣ್ಣ ಮಾತ್ರ ಮೆಟ್ಟಿಲ ಕಂಬಿಗೆ ಬೆಡ್‌ಶೀಟು ಕಟ್ಟಿ ಜೋತಾಡುತ್ತ, "ಸಾಯಲ್ಲ ಕಣೋ ಅವನು. ಸತ್ರೆ ಮುಂದಿನ ವಾರ ಟಿಕೆಟ್ ಯಾರು ತಗೋತಾರೆ?" ಎನ್ನುತ್ತಿದ್ದ. ದೊಡ್ಡವನಾದ ಮೇಲೂ ಅವನಿಗೆ ಜೋತಾಡುವ ಹುಚ್ಚು ಬಿಡಲಿಲ್ಲ. ಕಾಡು ಸಿಗಲಿಲ್ಲ, ಕಟ್ಟಡ ಸಿಕ್ಕಿತು.

ಜಲಪಾತದ ಕಂತಿನ ವಿಷಯದಲ್ಲಿ ಮಾತ್ರ ಇಬ್ಬರಿಗೂ ಜಗಳವಾಗಿತ್ತು. ನಾಯಕ ಬಂಡೆಗೆ ಬಡಿದು ನೊರೆಯಲ್ಲಿ ಮುಳುಗಿದ್ದನ್ನು ತಮ್ಮ ಕಣ್ಣಾರೆ ಕಂಡಿದ್ದ. ಮುಂದಿನ ವಾರ ನೋಡಿದರೆ, ಅವನು ಅರ್ಧದಲ್ಲೇ ಬಳ್ಳಿಯೊಂದನ್ನು ಹಿಡಿದು ನೇತಾಡುತ್ತಿದ್ದ.

"ಹೋದ ವಾರ ಬಳ್ಳಿ ಇರಲಿಲ್ಲ!"

"ಇತ್ತು. ನೀನು ಕಣ್ಣು ಮುಚ್ಚಿದ್ದೆ, ಪುಕ್ಕಲ."

ಈಗ ತಮ್ಮ ಆ ಬೀಳುವಿಕೆಯನ್ನು ಹಿಂದಕ್ಕೆಳೆದು ಮತ್ತೆ ನೋಡಿದ. ಬಂಡೆ, ನೊರೆ, ಅಷ್ಟೇ. ಬಳ್ಳಿ ಇರಲಿಲ್ಲ.

"ಕಳ್ಳ ನೀನು," ಎಂದ ಅಣ್ಣನಿಗೆ. "ಎದ್ದು ಜಗಳ ಆಡು ಬಾ."

ಅಷ್ಟರಲ್ಲಿ ಡಾಕ್ಟರು ಬಂದು ಅವನನ್ನು ಹಾಸಿಗೆಯ ಸುತ್ತಲಿನ ಪರದೆಯ ಆಚೆ ಕರೆದರು. ಮೆದುಳಿನ ಎರಡನೇ ಪರೀಕ್ಷೆಯೂ ಮುಗಿದಿತ್ತು. "ಮೆದುಳು ಸತ್ತಿದೆ. ಉಸಿರಾಡ್ತಿರೋದು ಯಂತ್ರ, ಅವರಲ್ಲ. ಅವರ ಹೆಂಡತಿಗೆ ನಾನು ಹೇಳ್ಲಾ, ನೀವು ಹೇಳ್ತೀರಾ?"

"ನಾನೇ ಹೇಳ್ತೀನಿ," ಎಂದ. ಯಾಕೆ ಹಾಗೆಂದನೋ ಅವನಿಗೇ ತಿಳಿಯಲಿಲ್ಲ.

ಅತ್ತಿಗೆ ಕೆಳಗಿನಿಂದ ಫ್ಲಾಸ್ಕಿನಲ್ಲಿ ಕಾಫಿ ತಂದಳು. ಬಂದವಳೇ ಗಂಡನ ಪಾದ ಮುಟ್ಟಿ ನೋಡಿದಳು. "ಬೆಚ್ಚಗಿದೆ. ಸಿನಿಮಾ ಕೇಳಿಸ್ಕೊಂಡ್ರಾ? ಬೆರಳೇನಾದ್ರೂ ಅಲುಗಿತಾ?"

ಅವನು ಫೋನನ್ನು ಜೇಬಿಗಿಟ್ಟ.

"ಡಾಕ್ಟ್ರು ಬಂದಿದ್ರಂತೆ. ಏನಂದ್ರು? ಅವರ ಭಾಷೆ ನನಗೆ ಬೇಡ, ನೀನು ಹೇಳು. ನೀನು ಹೇಳಿದ್ರೆ ನಂಬ್ತೀನಿ."

ಏನೂ ಆಗಲ್ಲ ಅತ್ತಿಗೆ, ನಾಳೆ ನೋಡಿ ಬೇಕಾದ್ರೆ. ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಣ್ಣನಾಗಿದ್ದರೆ ನಗುನಗುತ್ತಲೇ ಅಂದುಬಿಡುತ್ತಿದ್ದ. ಅವಳೂ ನಂಬಿ ಒಂದು ಲೋಟ ಕಾಫಿ ಕುಡಿಯುತ್ತಿದ್ದಳೇನೋ.

"ಏಳಲ್ಲ ಅತ್ತಿಗೆ," ಎಂದ. "ಅಣ್ಣ ಹೋಗಿದ್ದಾನೆ. ಬೆಚ್ಚಗಿರೋದು ಯಂತ್ರದಿಂದ."

ಅವಳು ಅವನನ್ನೇ ದಿಟ್ಟಿಸಿದಳು. ಫ್ಲಾಸ್ಕನ್ನು ಮೆಲ್ಲಗೆ ನೆಲಕ್ಕಿಟ್ಟಳು. "ಒಂದು ಸುಳ್ಳು ಹೇಳೋಕೂ ಬರಲ್ವೇನೋ ನಿನಗೆ?" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಕಾಗದಗಳಿಗೆ ಸಹಿಯಾದ ಮೇಲೆ ನರ್ಸ್ ಬಂದು ಪರದೆ ಎಳೆದಳು. ಯಂತ್ರ ನಿಲ್ಲಿಸಲು ಗುಂಡಿಯತ್ತ ಚಾಚಿದ ಅವಳ ಕೈಯನ್ನು ಅತ್ತಿಗೆ ಕಣ್ಣಲ್ಲೇ ತಡೆದಳು. ಸ್ಟೂಲು ಎಳೆದು ಕೂತು, ಗಂಡನ ಬಲಗೈಯನ್ನು ಮಡಿಲಿಗೆ ತೆಗೆದುಕೊಂಡಳು. ತಲೆಯಿಂದ ಹೇರ್‌ಪಿನ್ ಕಿತ್ತು, ಅವನ ಉಗುರುಗಳ ಸಂದಿಯಲ್ಲಿ ಒಣಗಿದ್ದ ನೀಲಿ ಬಣ್ಣವನ್ನು ಒಂದೊಂದೇ ಬೆರಳು ಹಿಡಿದು, ನೋಯದ ಹಾಗೆ, ಕೆರೆದು ತೆಗೆಯತೊಡಗಿದಳು.