ನೋವು ಇಳಿಸಿದ್ದು ಯಾರು

ಹಾಗಾದ್ರೆ ನಿನ್ನ ಸೂಜಿಯನ್ನೇ ಕರೆಸಿ ಹಿಟ್ಟು ನಾದಿಸ್ಕೋ ಹೋಗು, ಎಂದಳು ತಂಗಿ, ಕೈಲಿದ್ದ ಮುದ್ದೆಯನ್ನು ಹಲಗೆಗೆ ಅಪ್ಪಳಿಸಿ, ಮೈದಾ ಎದ್ದು ಇಬ್ಬರ ರೆಪ್ಪೆಯ ಮೇಲೂ ಕೂತಿತು, ಅಕ್ಕನಿಗೆ ನಾಲಿಗೆ ತುದಿಗೆ ಬೈಗುಳ ಬಂದಿತ್ತು, ಅಷ್ಟರಲ್ಲಿ ಎಡಗಾಲಿನ ಹಿಂದೆ ಏನೋ ಜುಂ ಎಂದಂತಾಗಿ ಗಮನವೆಲ್ಲ ಅತ್ತ ಓಡಿತು — ಬಂತೇ, ಇಲ್ಲ, ಬರೀ ನೊಣ. ಎಲ್ಲಿ ಹೋಯಿತು ಆ ನೋವು, ಸೊಂಟದಿಂದ ಹೊರಟು ಮೀನಖಂಡ ಸೀಳಿಕೊಂಡು ಕಿರುಬೆರಳಿನವರೆಗೆ ಕಾದ ತಂತಿ ಎಳೆದ ಹಾಗೆ ಇಳಿಯುತ್ತಿದ್ದದ್ದು, ಭಟ್ಟಿಯ ಮುಂದೆ ಬಗ್ಗಿದರೆ ಏಳಲು ಭಟ್ಟಿಯ ಅಪ್ಪಣೆಯನ್ನೇ ಕೇಳಬೇಕಾಗಿದ್ದದ್ದು — ಆಸ್ಪತ್ರೆಯ ಆ ತಣ್ಣನೆಯ ಕೋಣೆಯಲ್ಲಿ ಬೋರಲು ಮಲಗಿಸಿದ್ದಾರೆ, ಕತ್ತು ಹೊರಳಿಸಿ ಕದ್ದು ನೋಡಿದರೆ ಪರದೆಯ ಮೇಲೆ ತನ್ನದೇ ಬೆನ್ನುಮೂಳೆ, ಬೂದು ರಸ್ಕು ಜೋಡಿಸಿಟ್ಟ ಹಾಗೆ, ನಡುವೆ ಸೂಜಿಯ ಗೆರೆ, ಅಲುಗಾಡಬೇಡಿ, ಆಮೇಲೆ ಯಾರೋ ಒಳಗಿನಿಂದ ಹೆಬ್ಬೆರಳು ಒತ್ತಿದಂತೆ. ಏನು ಹಾಕಿದಿರಿ ಡಾಕ್ಟರೇ. ಸ್ಟೀರಾಯ್ಡ್, ಡಿಸ್ಕು ಉಬ್ಬಿ ನರಕ್ಕೆ ತಾಗಿದೆ, ನರದ ಸುತ್ತಲಿನ ಊತ ಇಳಿಸುತ್ತೆ, ಡಿಸ್ಕನ್ನು ರಿಪೇರಿ ಮಾಡಲ್ಲ, ಕೆಲವರಿಗೆ ಕೆಲವು ವಾರ ಆರಾಮ, ಕೆಲವರಿಗೆ ಎರಡು ಮೂರು ತಿಂಗಳು, ಕೆಲವರಿಗೆ ಏನೂ ಇಲ್ಲ. ಇಷ್ಟನ್ನು ನಮ್ಮ ಹಾಲಿನವನೂ ಹೇಳುತ್ತಿದ್ದ ಎಂದುಕೊಂಡಳು. ಸೂಜಿ ಹಾಕದಿದ್ರೂ ಎಷ್ಟೋ ಜನಕ್ಕೆ ತಾನಾಗೇ ಇಳಿಯುತ್ತಮ್ಮ, ನಡೀತಾ ಇರಿ, ಭಾರ ಎತ್ತಬೇಡಿ, ಎಂದರು ಡಾಕ್ಟರು.

ಇಳಿಯಿತು. ಹಲ್ಲು ಬಿದ್ದ ಜಾಗಕ್ಕೆ ನಾಲಿಗೆ ಹೋಗುವ ಹಾಗೆ ಮನಸ್ಸು ಕಾಲಿಗೇ ಹೋಗುತ್ತಿತ್ತು, ಬ್ರೆಡ್ಡಿಗೆ ಬಂದವರಿಗೆಲ್ಲ ಸೂಜಿ ಪುರಾಣ, ಹಾಲಿನವನಿಗೆ, ಬಸ್ ಕಂಡಕ್ಟರಿಗೆ, ಗಲ್ಲಾದ ಮುಂದೆ ಬಗ್ಗಿ ಎದ್ದು ತೋರಿಸಿದ್ದೇ ತೋರಿಸಿದ್ದು, ಒಳಗೆ ತಂಗಿ ಮೂಟೆ ಇಳಿಸುವ ಧೊಪ್ ಸದ್ದು ಕೇಳುತ್ತಲೇ ಇತ್ತು. ಇವತ್ತು, ನೋವು ಪೂರ್ತಿ ಹೋಗಿದೆಯೋ ಎಲ್ಲಾದರೂ ಅಡಗಿದೆಯೋ ನೋಡಿಯೇ ಬಿಡೋಣ ಎಂದು ಮೂಟೆಯ ಕಿವಿ ಹಿಡಿದು ಎತ್ತಿದಳು, ಏನೂ ಆಗಲಿಲ್ಲ, ಗೆದ್ದೆ ಅನ್ನುವಷ್ಟರಲ್ಲಿ ತಂಗಿ ಎದುರು ನಿಂತಿದ್ದಾಳೆ. ನೀನೇ ಎತ್ತೋದಾದ್ರೆ ಇಷ್ಟು ದಿನ ನಾನ್ಯಾಕೆ ಎತ್ತಿದೆ. ಈಗ ಸೂಜಿ ಇದೆಯಲ್ಲೇ, ಅಂದುಬಿಟ್ಟಳು ಅಕ್ಕ, ಬಾಯಿ, ಈ ಹಾಳು ಬಾಯಿ, ಅಲ್ಲಿಂದಲೇ ಈ ಜಗಳ ಶುರುವಾದದ್ದು.

ಸೂಜಿ ಅಲ್ಲ ಅಕ್ಕಾ, ನಿನ್ನ ನೋವು ಇಳಿಸಿದ್ದು ನಾನು, ನನ್ನ ಸೊಂಟ, ಒಬ್ಬರ ಮುಂದಾದ್ರೂ ನನ್ನ ಹೆಸರು ಎತ್ತಿದ್ಯಾ. ಎತ್ತಿರಲಿಲ್ಲ, ಈಗಲಾದರೂ ಹೌದು ಕಣೇ ಅನ್ನಬೇಕು, ಅನ್ನುವುದಕ್ಕೆ ಎಷ್ಟು ಹೊತ್ತು, ಆದರೆ ಹೌದೇ, ನಿಜವಾಗಿ ಹೌದೇ, ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಅನ್ನುತ್ತಾರೆ, ಇಲ್ಲಿ ಕಾಗೆ ಯಾರು, ಸೂಜಿಯೋ ಇವಳೋ, ಯಾರೂ ಕೂರದೆ ತಾನಾಗಿ ಮುರಿದ ಕೊಂಬೆಯೋ, ಎರಡನ್ನೂ ಸೇರಿಸಿ ಬೇಯಿಸಿಯಾದ ಮೇಲೆ ಈಸ್ಟಿನಿಂದ ಉಬ್ಬಿದೆಯೋ ಬಿಸಿಯಿಂದಲೋ ಎಂದು ಬನ್ನನ್ನು ಕೇಳಿದರೆ ಅದೇನು ಹೇಳೀತು, ಇವಳಿಲ್ಲದೆ ಬರೀ ಸೂಜಿ ಇದ್ದಿದ್ದರೆ ಗೊತ್ತಾಗುತ್ತಿತ್ತು — ಯೋಚಿಸಬೇಡ, ಹೇಳು ಅಕ್ಕಾ. ಹೇಗೆ ಹೇಳೋದು, ಅದನ್ನೇ ನೋಡ್ತಿದೀನಿ, ಎಂದಳು. ತಂಗಿ ಏಪ್ರನ್ ಬಿಚ್ಚಿ ಹಿಟ್ಟಿನ ಮೇಲೆ ಎಸೆದಳು, ಕೈ ತೊಳೆಯಲಿಲ್ಲ, ಹೋಗ್ತೀನಿ ಎಂದಳು, ಬರ್ತೀನಿ ಅನ್ನಲಿಲ್ಲ. ಸ್ಪ್ರಿಂಗ್ ಬಾಗಿಲು ಧಡಕ್ಕನೆ ಆಚೆ ಹೋಗಿ ಈಚೆ ಬಂತು, ಬಂದಾಗೊಮ್ಮೆ ಬೀದಿಯ ಒಂದು ಸೀಳು, ಬಿಸಿಲು, ಅವಳ ಬೆನ್ನು. ಈಗ ಗೊತ್ತಾಗುತ್ತೆ, ಇವಳಿಲ್ಲದೆ ಬರೀ ಸೂಜಿ, ಎಂದಿತು ಮನಸ್ಸು, ಥೂ ಎಂದು ತನಗೇ ಉಗಿದುಕೊಂಡಳು, ಕೂಗಬೇಕು, ಹೆಸರು ಹಿಡಿದು ಕೂಗಬೇಕು — ಮತ್ತೆ ಬೀದಿಯ ಸೀಳು, ಬೆನ್ನಿಲ್ಲ. ನಾದಿಟ್ಟದ್ದು ಉಬ್ಬಿ ಪಾತ್ರೆಯ ಅಂಚು ದಾಟಿತು, ಸಂಜೆಯ ಬನ್ನಿಗೆ ಬಂದವರು ಖಾಲಿ ಕೈಯಲ್ಲಿ ಹೋದರು, ಗಾಳಿಗೋ ಯಾರದೋ ಭುಜಕ್ಕೋ ಬಾಗಿಲು ಅಲುಗಿದಾಗಲೆಲ್ಲ ತಲೆ ಎತ್ತುತ್ತಾಳೆ, ಬೀದಿಯ ಸೀಳು, ಖಾಲಿ, ಮತ್ತೆ ಅಲುಗುತ್ತದೆ, ಬೀದಿಯ ಸೀಳು, ಖಾಲಿ, ಬೀದಿಯ ಸೀಳು