ಮೇಲಿನ ಸಾಲಿನ ತಂತಿ

ಮಾಲ್ಹೀ ಹಲ್ಲಿಗೆ ತಂತಿ ಕಟ್ಟಿಸಿಕೊಂಡದ್ದು ಐವತ್ತಮೂರನೆಯ ವಯಸ್ಸಿನಲ್ಲಿ, ಸಿಂಪಿಯ ಸುಗ್ಗಿ ಶುರುವಾಗುವ ಅಕ್ಟೋಬರಿನಲ್ಲಿ. ಕೊರಿಯಾದ ದಕ್ಷಿಣ ತುದಿಯ ತೊಂಗ್ಯೊಂಗ್ ಬಂದರಿನ ಶೆಡ್ಡಿನಲ್ಲಿ ನಾವಿಬ್ಬರೂ ಹತ್ತೊಂಬತ್ತು ವರ್ಷದಿಂದ ಅಕ್ಕಪಕ್ಕ ನಿಂತು ಸಿಂಪಿಯ ಚಿಪ್ಪು ಬಿಡಿಸುವವರು. ಅವಳ ಮೇಲಿನ ಎರಡು ಹಲ್ಲು ಒಂದರ ಮೇಲೊಂದು ಹತ್ತಿಕೊಂಡು ಮುಂದೆ ಬಂದಿದ್ದವು. ಬದುಕಿರುವವರೆಗೂ ಅವಳ ಗಂಡ ಅದನ್ನೇ ಎತ್ತಿ ಆಡಿಕೊಳ್ಳುತ್ತಿದ್ದ. ಆತನ ಮೂರನೆಯ ವರ್ಷದ ತಿಥಿ ಮುಗಿದ ಮಾರನೆಯ ವಾರ ಯಾರಿಗೂ ಹೇಳದೆ ಹಲ್ಲಿನ ಆಸ್ಪತ್ರೆಗೆಂದು ಬಸ್ಸು ಹತ್ತಿ ಚಾಂಗ್‌ವೊನ್‌ಗೆ ಹೋಗಿಬಂದಳು. ಕೆಳಗಿನ ಹಲ್ಲು ನೆಟ್ಟಗಿವೆ, ತಂತಿ ಮೇಲಿನ ಸಾಲಿಗೆ ಸಾಕು ಅಂದರಂತೆ ಡಾಕ್ಟರು.

ಶೆಡ್ಡಿಗೆಲ್ಲ ಹಿರಿಯಳಾದ ಬುನ್ನಾಮ್ ಅಕ್ಕ ಅವಳ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದಳು. "ಇದೇನೇ, ಬಾಯಿಗೆ ಬೇಲಿ ಹಾಕಿಸ್ಕೊಂಡು ಬಂದಿದೀಯ? ಯಾವ ಹೋರಿ ನುಗ್ಗುತ್ತೆ ಅಂತ?"

"ಇದ್ದ ಹೋರಿ ಸತ್ತು ಮೂರು ವರ್ಷ ಆಯ್ತಲ್ಲ ಅಕ್ಕಾ," ಅಂದಳು ಮಾಲ್ಹೀ. ತಂತಿ ತುಟಿಗೆ ತಾಗಿ 'ವರ್ಷ' ಅನ್ನುವುದು 'ವರ್ಸ' ಆಯಿತು. ಅದಕ್ಕೂ ಒಂದು ಸುತ್ತು ನಗು.

ಮೊದಲ ವಾರ ಗಂಜಿ, ತೋಫು, ಆವಿಯಲ್ಲಿ ಬೇಯಿಸಿದ ಮೊಟ್ಟೆ. ಮೂಲಂಗಿ ಕಿಮ್ಚಿಯನ್ನು ಕತ್ತರಿಯಿಂದ ಅಕ್ಕಿಕಾಳಿನಷ್ಟು ಸಣ್ಣಗೆ ಕತ್ತರಿಸಿ ನಾಲಿಗೆಯ ಮೇಲಿಟ್ಟುಕೊಂಡು ಚೀಪುತ್ತಿದ್ದಳು. ಕೆನ್ನೆಯ ಒಳಗೆ ಹುಣ್ಣಾಯಿತು. ತಂತಿಯ ಚೂಪಾದ ಕಡೆ ಒತ್ತಲು ಡಾಕ್ಟರು ಕೊಟ್ಟಿದ್ದ ಮೇಣದ ಉಂಡೆಗಳನ್ನು ಏಪ್ರನ್ನಿನ ಜೇಬಿನಲ್ಲಿ ಇಟ್ಟುಕೊಂಡಿರುತ್ತಿದ್ದಳು. ಊಟವಾದ ಮೇಲೆ ನಲ್ಲಿಯ ಹತ್ತಿರ ಬಗ್ಗಿ, ತಂತಿಗೆ ಸಿಕ್ಕಿಕೊಂಡ ಮೆಣಸಿನಪುಡಿಯನ್ನು ಪುಟ್ಟ ಬ್ರಷ್ಷಿನಿಂದ ತೆಗೆಯುವಳು. ತಿಂಗಳಾಗುವಷ್ಟರಲ್ಲಿ ಎಲ್ಲವೂ ಒಗ್ಗಿತು. ತಿಂಗಳಿಗೊಮ್ಮೆ ತಂತಿ ಬಿಗಿ ಮಾಡಿಸಿಕೊಂಡು ಬಂದ ದಿನದಿಂದ ಮೂರು ದಿನ ನೋವು, ನಾಲ್ಕನೆಯ ದಿನ ಇಲ್ಲ. ಲೆಕ್ಕ ಅಷ್ಟು ಸರಿಯಾಗಿತ್ತು.

ಡಿಸೆಂಬರಿನಲ್ಲಿ ಆ ಲೆಕ್ಕ ತಪ್ಪಿತು. ಬಿಗಿ ಮಾಡಿಸಿಕೊಂಡು ಒಂಬತ್ತು ದಿನವಾದರೂ ನೋವು ಹೋಗಲಿಲ್ಲ. ಅದೂ ಎಡಗಡೆ, ಕೆಳದವಡೆಯಲ್ಲಿ.

"ತಂತಿ ಇರೋದು ಮೇಲಲ್ವೇನೇ? ಕೆಳಗ್ಯಾಕೆ ನೋವು?" ಎಂದು ಕೇಳಿದೆ.

"ಮೇಲಿಂದು ಸರಿದ್ರೆ ಕೆಳಗಿಂದಕ್ಕೆ ಕುಟ್ಟುತ್ತಲ್ಲ. ಮೇಲಿನ ಮನೇಲಿ ಜಗಳ ಆದ್ರೆ ಕೆಳಗಿನ ಮನೆಯವರಿಗೆ ನಿದ್ದೆ ಇರುತ್ತಾ?"

ಮಾತು ಚೆನ್ನಾಗಿತ್ತು, ನಾನು ಒಪ್ಪಿಕೊಂಡುಬಿಟ್ಟೆ.

ನಮ್ಮ ಕೇರಿ ಇರುವುದು ಗುಡ್ಡದ ಮೇಲೆ; ಬಸ್ಸಿಳಿದು ನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಬೇಕು. ಅವಳು ನಡುವೆ ನಿಲ್ಲತೊಡಗಿದಳು. ಕಡಲು ನೋಡುವವಳ ಹಾಗೆ ತಿರುಗಿ, ಅಂಗೈಯನ್ನು ದವಡೆಗೆ ಒತ್ತಿಕೊಂಡು ಕಟ್ಟೆಯ ಮೇಲೆ ಕೂರುವಳು. ಐದು ನಿಮಿಷಕ್ಕೆ ನೋವು ಹೋಗುತ್ತಿತ್ತು. ಮತ್ತೆ ಮೂವತ್ತು ಮೆಟ್ಟಿಲಿಗೆ ಬರುತ್ತಿತ್ತು. ಹಲ್ಲಿನ ಆಸ್ಪತ್ರೆಗೆ ಫೋನು ಮಾಡಿದಳು. ಬಿಗಿ ಮಾಡಿದ ಮೇಲೆ ಒಂದಷ್ಟು ದಿನ ನೋಯುವುದು ಸಹಜ, ಮಾತ್ರೆ ತಗೊಳ್ಳಿ, ಕಡಿಮೆಯಾಗದಿದ್ದರೆ ಬನ್ನಿ ಅಂದರು. ಮೆಟ್ಟಿಲಿನ ವಿಷಯ ಇವಳು ಹೇಳಲಿಲ್ಲ. ಹಲ್ಲಿನವರ ಹತ್ತಿರ ಮೆಟ್ಟಿಲ ಸುದ್ದಿ ಯಾರಾದರೂ ಯಾಕೆ ಎತ್ತುತ್ತಾರೆ?

ಒಂದು ದಿನ ಬೆಳಗಿನಿಂದ ಅವಳು ಏನನ್ನೂ ಅಗಿದಿರಲಿಲ್ಲ, ನೀರಷ್ಟೇ ಕುಡಿದಿದ್ದಳು. ಸಿಂಪಿಯ ಬುಟ್ಟಿಯನ್ನು ತಕ್ಕಡಿಯವರೆಗೆ ಹೊತ್ತುಕೊಂಡು ಹೋದಾಗ ನೋವು ಬಂತು. ಬುಟ್ಟಿ ಇಳಿಸಿದಾಗ ಹೋಯಿತು. ಅದನ್ನು ನಾನು ಕಣ್ಣಾರೆ ಕಂಡೆ. ಆದರೂ ನನ್ನ ಬಾಯಿಂದ ಬಂದದ್ದು, ತಂತಿ ಬಿಗಿಯಾಗಿರಬೇಕು, ಹೋಗಿ ಸಡಿಲ ಮಾಡಿಸು ಅನ್ನುವ ಮಾತು. ಸಡಿಲ ಮಾಡಿಸಿದರೆ ಪಟ್ಟ ಪಾಡೆಲ್ಲ ನೀರಿಗೆ ಹೋಗುತ್ತೆ ಅಂದಳು. ದಿನಕ್ಕೆ ಎರಡಿದ್ದ ಮಾತ್ರೆ ನಾಲ್ಕಾಯಿತು.

ಜನವರಿ ಎರಡನೆಯ ವಾರ, ಬೆಳಿಗ್ಗೆ ಏಳರ ಹೊತ್ತು. ನಲ್ಲಿಯ ನೀರು ಹೆಪ್ಪುಗಟ್ಟುವಂಥ ಚಳಿ. ಮಾಲ್ಹೀ ಚೂರಿಯನ್ನು ಮೇಜಿನ ಮೇಲಿಟ್ಟು, ಬಗ್ಗಿ, ಖಾಲಿ ಪೆಟ್ಟಿಗೆಯ ಮೇಲೆ ಕೂತಳು.

"ಮೇಣ ಕೊಡೇ," ಅಂದಳು.

ಅವಳ ಜೇಬಿಗೆ ಕೈಹಾಕಿ ಮೇಣ ತೆಗೆದು ಬೆರಳಲ್ಲಿ ಬಿಸಿಮಾಡಿ ಚಾಚಿದೆ. ಅದನ್ನು ತಗೊಳ್ಳಲು ಅವಳ ಎಡಗೈ ಏಳಲಿಲ್ಲ. ಆಗ ಎದುರು ಮೇಜಿನಿಂದ ಬುನ್ನಾಮ್ ಅಕ್ಕ ಬಂದಳು. ಅವಳು ಹಲ್ಲು ನೋಡಲಿಲ್ಲ. ಮಾಲ್ಹೀಯ ಟೋಪಿ ಕಿತ್ತು ಹಣೆಗೆ ಕೈಯಿಟ್ಟಳು; ಕೈ ಒದ್ದೆಯಾಯಿತು.

"ಈ ಚಳೀಲಿ ಯಾರಿಗೇ ಬೆವರುತ್ತೆ? ಇದು ಹಲ್ಲಲ್ಲ. ಗಾಡಿ ಕರೀರಿ."

ಆಂಬುಲೆನ್ಸ್ ಬರಲು ಹನ್ನೊಂದು ನಿಮಿಷವಾಯಿತು. ಅಷ್ಟು ಹೊತ್ತೂ ನಾನು ಆ ಮೇಣದ ಉಂಡೆಯನ್ನು ಹಿಡಿದುಕೊಂಡೇ ನಿಂತಿದ್ದೆ.

ಆಸ್ಪತ್ರೆಯಲ್ಲಿ ಚಿಕ್ಕ ವಯಸ್ಸಿನ ಡಾಕ್ಟರೊಬ್ಬರು ಎಷ್ಟು ದಿನದಿಂದ ಹೀಗೆ ಎಂದು ಕೇಳಿದರು. ತಿಂಗಳಿಂದ, ಹಲ್ಲು ನೋವು ಅಂದುಕೊಂಡಿದ್ದೆವು ಅಂದೆ. ನಡೆದರೆ ಬರುತ್ತಿತ್ತೇ, ಕೂತರೆ ಹೋಗುತ್ತಿತ್ತೇ? ಹೌದು. ಅವರು ಬರೆದುಕೊಂಡರು. ಬೈದಿದ್ದರೆ ಒಳ್ಳೆಯದಿತ್ತು. ಹೃದಯದ ನೋವು ಕೆಲವರಿಗೆ ಎದೆ ಬಿಟ್ಟು ದವಡೆಗೆ ಬರುತ್ತದೆ ಅಂದರು. ಹೃದಯದ ಒಂದು ನಾಳ ಪೂರ್ತಿ ಮುಚ್ಚಿತ್ತು, ಇನ್ನೊಂದು ಮುಚ್ಚುತ್ತಾ ಬಂದಿತ್ತು. ಮೊದಲನೆಯದನ್ನು ತೆರೆದರು. ತಡವಾದ್ದರಿಂದ ಹೃದಯದ ಒಂದು ಭಾಗ ಇನ್ನು ಬಡಿಯುವುದಿಲ್ಲ; ಎರಡನೆಯದಕ್ಕೆ ಔಷಧಿ ಕೊಟ್ಟು ನೋಡೋಣ, ನೋವು ಬಂದರೆ ಒಂದು ಕ್ಷಣವೂ ತಡಮಾಡಬೇಡಿ ಅಂದರು.

ಅವಳು ಬದುಕಿದಳು. ತಂತಿ ತೆಗೆಸಿಬಿಡು ಎಂದು ಎಲ್ಲರೂ ಹೇಳಿದೆವು, ಕೇಳಲಿಲ್ಲ. ಹಲ್ಲಿನ ಡಾಕ್ಟರು, ಹೃದಯದ ಡಾಕ್ಟರು ಇಬ್ಬರೂ ಮಾತಾಡಿಕೊಂಡು ಮೆಲ್ಲಗೆ ಮುಂದುವರಿಸಬಹುದು ಅಂದರು. ಹಲ್ಲು ಈಗ ಅರ್ಧ ದಾರಿ ಸರಿದಿವೆ. ತಿಂಗಳಿಗೊಮ್ಮೆ ಬಿಗಿ ಮಾಡಿಸಿಕೊಂಡು ಬರುತ್ತಾಳೆ. ಬಂದ ಮೇಲೆ ಮೂರು ದಿನ ಬಾಯಿ ತುಂಬ ನೋವು. ಆ ಮೂರು ದಿನ ನಾನು ಅವಳ ಮನೆಯಲ್ಲೇ ಮಲಗುತ್ತೇನೆ.

ಹೋದ ಮಂಗಳವಾರ ಮೆಟ್ಟಿಲು ಹತ್ತುವಾಗ ಅವಳು ನಿಂತಳು. ಅಂಗೈ ದವಡೆಗೆ ಹೋಯಿತು. ನಾನು ಚೀಲ ಕೆಳಗಿಟ್ಟು ಫೋನು ತೆಗೆದೆ.

"ಯಾವುದೇ ಅದು, ಹಲ್ಲೋ ಎದೆಯೋ?" ಎಂದು ಕೇಳಿದೆ.

"ಇರು," ಅಂದಳು ಕಣ್ಣು ಮುಚ್ಚಿಕೊಂಡು, "ಕೇಳಿಸ್ಕೋತಿದೀನಿ."